ಮೈಕಿಗೊಂದು ಭಾರ

ಪುಸ್ತಕದಮ್ಮನ ದನಿ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದವರಲ್ಲಿ ಕುರ್ಚಿ ತಾತನೇ ಮೊದಲಿಗರು. ಉಳಿದವರಿಗೂ ಹಾಗೇ ಅನ್ನಿಸಿತ್ತು, ಆದರೆ ನೀನು ಹೇಳು, ನೀನು ಹೇಳು ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳಿಕೊಂಡು ಸುಮ್ಮನಿದ್ದರು. ತಾತನಿಗೆ ಆ ನಾಜೂಕು ಬರುವುದಿಲ್ಲ.

“ಅಮ್ಮ, ಬೇಜಾರು ಮಾಡ್ಕೋಬೇಡಿ,” ಎಂದರು. ಯಾರಾದರೂ ಹೀಗೆ ಶುರುಮಾಡಿದರೆ ಮುಂದೆ ಬೇಜಾರು ಖಾತ್ರಿ ಎಂದು ಯಾರಿಗೆ ಗೊತ್ತಿಲ್ಲ! “ನಿಮ್ಮ ದನಿ ಈಚೀಚೆಗೆ ಕಿವಿಗೆ ಚುಚ್ಚುತ್ತೆ. ‘ಸ’ ಬಂತು ಅಂದ್ರೆ ತಗಡಿನ ಮೇಲೆ ಮೊಳೆ ಎಳೆದ ಹಾಗಾಗುತ್ತೆ. ಒಂದು ಅಧ್ಯಾಯ ಮುಗಿಯೋದ್ರೊಳಗೆ ತಲೆ ಹಿಡ್ಕೊಳುತ್ತೆ.”

ಕಣ್ಣು ಕಾಣದವರಿಗಾಗಿ ನಡೆಯುವ ಗ್ರಂಥಾಲಯ ಅದು. ಅಲ್ಲಿನ ಪುಸ್ತಕಗಳನ್ನು ಯಾರೂ ಓದುವುದಿಲ್ಲ, ಕೇಳುತ್ತಾರೆ. ಮುಂದೆ ಒಂದು ಹಜಾರ, ಅದರಲ್ಲಿ ಉದ್ದನೆಯ ಮೇಜು. ಹಿಂದೆ, ಗಾಜಿನ ಆಚೆ, ಒಂದು ಪುಟ್ಟ ಕೋಣೆ. ಆ ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದಾರೆ, ನಡುವೆ ಸಣ್ಣ ಮೇಜಿನ ಮೇಲೆ ನೆತ್ತಿ ನೆಗ್ಗಿದ ಹಳೇ ಮೈಕು ನಿಂತಿದೆ. ಅದರ ಮುಂದೆ ಕೂತು ಪುಸ್ತಕದಮ್ಮ ಓದಿ ರೆಕಾರ್ಡ್ ಮಾಡಿಟ್ಟದ್ದು ಎರಡು ಕಪಾಟು ತುಂಬಿದೆ. ಕುರ್ಚಿ ತಾತ ಹುಟ್ಟಿದಾಗಿನಿಂದ ಬೆಳಕು ಕಂಡವರಲ್ಲ. ಬೆತ್ತದ ಕುರ್ಚಿಗಳ ಸೀಟು ಹೆಣೆಯುವುದು ಅವರ ಕಸುಬು, ಹೆಣೆಯುವಾಗ ಆಕೆಯ ಓದು ಕೇಳುವುದು ಅವರ ಚಟ. ಅಂಥವರು ಹೇಳಿದ ಮೇಲೆ ಅದು ಚಾಡಿಮಾತಲ್ಲ.

ಆಕೆ ಅಲ್ಲಿ ನಕ್ಕು “ಅಯ್ಯೋ, ವಯಸ್ಸಾಯ್ತಲ್ಲ ತಾತ” ಎಂದಳು. ಮನೆಗೆ ಬಂದು ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ ಎಂಬುದು ಆಕೆಯ ಲೆಕ್ಕ. ಆದರೆ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದದ್ದು ಸೊಸೆಯ ಕಣ್ಣಿಗೆ ಬಿತ್ತು.

ದನಿ ಕೆಟ್ಟದ್ದು ಯಾವಾಗ? ಜ್ವರ ಬಂದ ಮೇಲೆ. ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆಕೆ ಜ್ವರ ಬಂದು ಮಲಗಿದಳು, ಅದೇ ವಾರ ಗ್ರಂಥಾಲಯದ ಹಳೆಯ ಮಿಕ್ಸರ್ ಹೊಗೆ ಉಗುಳಿ ಸತ್ತಿತು. ಮಿಕ್ಸರ್ ಎಂದರೆ ಅಡುಗೆಮನೆಯದಲ್ಲ. ಮೈಕಿನಿಂದ ಬಂದ ದನಿಯನ್ನು ಹಿಡಿದು ಏರಿಸಿ ಇಳಿಸಿ ಮುಂದೆ ಕಳಿಸುವ ಪೆಟ್ಟಿಗೆ. ಯಾರೋ ಪುಣ್ಯಾತ್ಮರು ಹೊಸದೊಂದನ್ನು ಕೊಡಿಸಿದರು. ಹೊಸದು ಬಲು ಚೆಂದ, ತುಂಬ ದೀಪ, ತುಂಬ ನಾಬು. ಆಕೆ ಎದ್ದು ಬಂದು ಅದರ ಮೂಲಕ ಓದಿದಳು, ದನಿ ಚುಚ್ಚಿತು. ಅಷ್ಟು ಒಳ್ಳೆಯ ಪೆಟ್ಟಿಗೆಯ ಮೇಲೆ ಗುಮಾನಿ ಪಡಲು ಯಾರಿಗೆ ಮನಸ್ಸು ಬರುತ್ತದೆ? ಕೆಟ್ಟಿದ್ದರೆ ಗಂಟಲೇ ಕೆಟ್ಟಿರಬೇಕು ಎಂದು ಎಲ್ಲರೂ ಆಕೆಯ ಗಂಟಲಿನ ಮೇಲೆ ಬಿದ್ದರು.

ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದ್ದಾಯಿತು. ಹಬೆ ಹಿಡಿದದ್ದಾಯಿತು. ಬಸ್ಸು ಓಡಿಸುವ ಮಗ, ಪ್ರಯಾಣಿಕರೊಬ್ಬರು ಹೇಳಿದರೆಂದು ಏನೋ ಮಾತ್ರೆ ತಂದುಕೊಟ್ಟ. ಅದನ್ನು ಚೀಪಿದರೆ ಗಂಟಲು ಹೋಗಲಿ, ನಾಲಿಗೆಯೇ ಮರಗಟ್ಟುತ್ತಿತ್ತು. ಕೊನೆಗೆ ಡಾಕ್ಟರು ಗಂಟಲಲ್ಲಿ ಬೆಳಕು ಬಿಟ್ಟು ನೋಡಿ, “ಏನೂ ಇಲ್ಲಮ್ಮ, ಒಂದು ವಾರ ಮಾತಾಡ್ಬೇಡಿ,” ಎಂದರು. ಆಕೆ ಒಂದು ವಾರ ಮೌನವಾಗಿದ್ದಳು. ಆಕೆಯ ಯಜಮಾನರು ಆ ವಾರ ಬಹಳ ಲವಲವಿಕೆಯಿಂದಿದ್ದರು ಎಂದು ಸೊಸೆ ಇವತ್ತಿಗೂ ಆಡಿಕೊಳ್ಳುತ್ತಾಳೆ.

ವಾರ ಕಳೆದು ಹೋಗಿ ಓದಿದರೆ ದನಿ ಹಾಗೇ ಇತ್ತು. ಆ ದಿನ ಗ್ರಂಥಾಲಯದ ಕಾರ್ಯದರ್ಶಿ ಆಕೆಯನ್ನು ಕೂರಿಸಿಕೊಂಡು ಮಾತಾಡಿದರು. ಒಳ್ಳೆಯ ಹೆಂಗಸು, ಕೆಟ್ಟ ಸುದ್ದಿ ಹೇಳುವಾಗ ಮೇಜಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಾರೆ. ಒರೆಸುತ್ತಲೇ ಹೇಳಿದರು: “ಆ ದೊಡ್ಡ ಕಾದಂಬರಿ ಅರ್ಧಕ್ಕೆ ನಿಂತಿದೆ. ಕೇಳೋರು ದಿನಾ ಕೇಳ್ತಾರೆ, ಮುಂದಿನದು ಯಾವಾಗ ಅಂತ. ನಿಮ್ಮ ಸೊಸೆ ಓದಿದ್ರಲ್ಲ ಅವತ್ತು... ಎಲ್ಲರಿಗೂ ಹಿಡಿಸಿತ್ತು. ಅಂಗೈ ಪರೀಕ್ಷೆ ಇಟ್ಟುಬಿಡೋಣ ಅಂತ. ನೀವೂ ಓದಿ, ಅವರೂ ಓದ್ಲಿ.”

ಅಂಗೈ ಪರೀಕ್ಷೆ ಆ ಗ್ರಂಥಾಲಯದ ಪದ್ಧತಿ. ಕೇಳುವವರೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು ಅಂಗೈಯನ್ನು ಮೇಜಿನ ಮೇಲೆ ಊರುತ್ತಾರೆ. ಯಾರ ಕಿವಿಗೆ ಸಾಕೆನಿಸುತ್ತದೋ ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಳ್ಳಬೇಕು. ಮಾತಿಲ್ಲ, ಗೊಣಗಾಟವಿಲ್ಲ. ಪಕ್ಕದವರು ಕೈ ತೆಗೆದದ್ದು ಯಾರಿಗೂ ಕಾಣುವುದಿಲ್ಲವಾದ್ದರಿಂದ ಅಲ್ಲಿ ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ. ಕೊನೆಯಲ್ಲಿ ಮೇಜಿನ ಮೇಲೆ ಯಾರ ಪಾಲಿಗೆ ಹೆಚ್ಚು ಅಂಗೈ ಉಳಿಯಿತೋ ಪುಸ್ತಕ ಓದುವ ಕೆಲಸ ಅವರಿಗೆ. ಇದೇ ಪರೀಕ್ಷೆ ಗೆದ್ದು ಪುಸ್ತಕದಮ್ಮ ಆ ಕೋಣೆಗೆ ಕಾಲಿಟ್ಟವಳು. ಮತ್ತೊಮ್ಮೆ ಅದಕ್ಕೆ ಕೂರಬೇಕಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಸೊಸೆ ಓದಿದ್ದು ಆಕಸ್ಮಿಕ. ಅತ್ತೆ ಜ್ವರದಲ್ಲಿ ಮಲಗಿದ್ದಾಗ ಅವರ ಕನ್ನಡಕ ತರಲೆಂದು ಗ್ರಂಥಾಲಯಕ್ಕೆ ಹೋದವಳನ್ನು ಹೊಸ ಪೆಟ್ಟಿಗೆ ಪರೀಕ್ಷಿಸಲು ಕೂರಿಸಿ ಎರಡು ಪುಟ ಓದಿಸಿದ್ದರು. ಅವಳದು ಮೆತ್ತನೆಯ, ತುಸು ಮಬ್ಬಾದ ದನಿ. ಹೊಸ ಪೆಟ್ಟಿಗೆಯಲ್ಲಿ ಅದು ತಿಳಿಯಾಗಿ ಬಂದಿತ್ತು. ಅತ್ತೆಯದು ಮೊದಲೇ ಗಂಟೆಯಂಥ ದನಿ, ಅದರಲ್ಲಿ ಅದು ಸೂಜಿಯಾಗಿತ್ತು. ಇದೇ ಎಲ್ಲರಿಗೂ ಸಾಕ್ಷಿಯಾಯಿತು: ಪೆಟ್ಟಿಗೆ ಸರಿಯಾಗಿಯೇ ಇದೆ, ನೋಡಿ, ಸೊಸೆಯ ದನಿ ಎಷ್ಟು ಚೆನ್ನಾಗಿದೆ!

ಪುಸ್ತಕದಮ್ಮನಿಗೆ ಹೊಟ್ಟೆಕಿಚ್ಚಾಯಿತೇ? ಆಯಿತು. ಮುಚ್ಚುಮರೆ ಯಾಕೆ? ಸೊಸೆಯನ್ನು ಕಂಡರೆ ಆಕೆಗೆ ಪ್ರಾಣ; ಸೊಸೆ ಅಂಗಡಿಯಲ್ಲಿ ದಿನವಿಡೀ ನಿಂತು ಜೆರಾಕ್ಸ್ ತೆಗೆದು ದಣಿದು ಬಂದರೆ ಕಾಲಿಗೆ ಬಿಸಿನೀರು ಕಾಯಿಸುತ್ತಿದ್ದವಳು ಆಕೆಯೇ. ಆದರೂ ಆ ಕಾದಂಬರಿಯನ್ನು ಸೊಸೆ ಮುಗಿಸುತ್ತಾಳೆಂದು ನೆನೆದರೆ ಎದೆ ಧಗ್ ಎನ್ನುತ್ತಿತ್ತು. ಅದಕ್ಕೊಂದು ಕಾರಣವೂ ಇತ್ತು. ಆಕೆ ಯಾವ ಪುಸ್ತಕವನ್ನೂ ಮುಂದಾಗಿ ಓದಿಕೊಂಡು ಹೋಗುವವಳಲ್ಲ. ಕೇಳುವವರ ಜೊತೆಗೇ, ಮೈಕಿನ ಮುಂದೆಯೇ, ಮೊದಲ ಸಲ ಪುಟ ತಿರುಗಿಸುವಳು. ತಪ್ಪಿದರೆ ಮತ್ತೆ ಓದಬೇಕು, ಕೆಲಸ ಹೆಚ್ಚು, ಆದರೆ ಕುತೂಹಲ ಸುಳ್ಳಾಗುವುದಿಲ್ಲ ಎನ್ನುವಳು. ನದಿಯಲ್ಲಿ ದೋಣಿ ನಡೆಸುವ ಮೂವರು ಅಕ್ಕತಂಗಿಯರ ಕಥೆ ಅದು. ಮನೆ ಬಿಟ್ಟುಹೋದ ತಮ್ಮ ಬದುಕಿದ್ದಾನೋ ಇಲ್ಲವೋ ಎಂದು ಆಕೆಗೂ ಇನ್ನೂ ಗೊತ್ತಿರಲಿಲ್ಲ. ಅದನ್ನು ಬೇರೆಯವರ ಬಾಯಲ್ಲಿ ಕೇಳುವುದೆಂದರೆ ತಾನು ಇನ್ನು ಓದುವವಳಲ್ಲ ಎಂದೇ ಅರ್ಥ.

“ನಾನು ಓದಲ್ಲ ಅತ್ತೆ, ನಂಗೆ ಬೇಡ,” ಎಂದಳು ಸೊಸೆ.

“ಯಾಕೆ ಬೇಡ? ಕರುಣೆ ತೋರಿಸ್ತೀಯಾ ನಂಗೆ? ನೆಟ್ಟಗೆ ಕೂತು ಓದು. ಗೆದ್ದರೆ ಗೆದ್ದೆ.”

ಹೀಗೆ ದೊಡ್ಡ ಮಾತಾಡಿದವಳು ಆಮೇಲೆ ತನ್ನ ಹಳೆಯ ಓದನ್ನು ಹಾಕಿಕೊಂಡು ಕೇಳಿದಳು. ಮುಗಿದ ಮೇಲೆ ಗಂಡನಿಗೆ, “ಅದು ನನ್ನ ದನಿ. ಈಗಿರೋದು ಮುದುಕಿ ದನಿ. ಹೋಯ್ತು ಬಿಡಿ, ಮುಗೀತು,” ಎಂದಳು.

ಯಜಮಾನರಿಗೆ ಇದು ತಡೆಯದಾಯಿತು. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತರಾದವರು ಅವರು. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಊಟ ಸೇರದು. ಮನೆಯವರಿಗೆ ಅವರ ರಿಪೇರಿ ಎಂದರೆ ಭಯ. ಅವರು ಸರಿಮಾಡಿದ ಇಸ್ತ್ರಿ ಪೆಟ್ಟಿಗೆ ಈಗ ಹಿಡಿಕೆಯಲ್ಲಿ ಹೆಚ್ಚು ಬಿಸಿಯಾಗುತ್ತದೆ. ಆದರೆ ಹೆಂಡತಿಯ ದನಿ ಹೋಗಿದೆ ಎಂಬ ಮಾತನ್ನು ಒಪ್ಪಲು ಅವರು ತಯಾರಿರಲಿಲ್ಲ. “ಮನೇಲಿ ನೀನು ಕೂಗೋದು ಮೊದಲಿನ ಹಾಗೇ ಇದೆಯಲ್ಲೇ,” ಎಂದರು. “ನನ್ನ ಕಿವಿಗೆ ಗೊತ್ತಾಗಲ್ವಾ? ನಾಳೆ ಬರ್ತೀನಿ, ಹಳೇ ಪೆಟ್ಟಿಗೇಲೂ ಹೊಸ ಪೆಟ್ಟಿಗೇಲೂ ಓದಿ ತೋರಿಸು.”

ಬೆಳಿಗ್ಗೆ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಸಂದಿಯಿಂದ ಹಳೆಯ ಮಿಕ್ಸರನ್ನು ಎಳೆದು ತಂದು, ಧೂಳು ಊದಿ, ಕೆಮ್ಮಿ, ಹೊಸದರ ಪಕ್ಕದಲ್ಲಿ ಇಟ್ಟರು. ಪದೇ ಪದೇ ವೈರು ಕೀಳುವುದು ಸಿಗಿಸುವುದು ಯಾರಿಗೆ ಬೇಕು ಎಂದು, ಮೈಕಿನಿಂದ ಬಂದ ಒಂದು ವೈರನ್ನು ಕವಲು ಮಾಡಿ ಎರಡೂ ಪೆಟ್ಟಿಗೆಗೆ ಒಟ್ಟಿಗೇ ಸಿಗಿಸಿದರು. ಕೆಲಸ ಗೊತ್ತಿದ್ದವರು ಹಾಗೆ ಮಾಡುವುದಿಲ್ಲ. ಸೋಮಾರಿತನ ಇದ್ದವರು ಮಾಡುತ್ತಾರೆ.

ಹಳೆಯದರ ಸ್ವಿಚ್ಚು ಹಾಕಿದರು. ದೀಪ ಹತ್ತಲಿಲ್ಲ. ಬಡಿದರು, ಅಲ್ಲಾಡಿಸಿದರು, ಅದರ ಕಿವಿ ಹಿಂಡಿದರು. ಸತ್ತದ್ದು ಸತ್ತೇ ಇತ್ತು.

“ಹೋಗ್ಲಿ, ಹೊಸದರಲ್ಲೇ ಓದು,” ಎಂದರು ಪೆಚ್ಚಾಗಿ. ಹಳೆಯದರ ವೈರನ್ನು ಕಿತ್ತುಹಾಕುವ ಗೋಜಿಗೂ ಹೋಗಲಿಲ್ಲ.

ಆಕೆ ಅರ್ಧ ಮನಸ್ಸಿನಿಂದ ಒಂದು ಪುಟ ಓದಿದಳು. ಯಜಮಾನರು ಅದನ್ನು ಹಿಂದಕ್ಕೆ ಓಡಿಸಿ ಕೇಳಿಸಿದರು. ಸದ್ದು ತುಸು ತಗ್ಗಿತ್ತು, ನಾಬು ತಿರುಗಿಸಿ ಏರಿಸಿದರು. ಸ್ಪೀಕರಿನಿಂದ ಬರುತ್ತಿದ್ದದ್ದು ಆಕೆಯ ದನಿ. ಮುದುಕಿಯದಲ್ಲ, ತಗಡಿನದಲ್ಲ, ಆಕೆಯದೇ. ‘ಸಂಜೆಯ ಸೂರ್ಯ’ ಎಂಬಲ್ಲಿ ಎರಡು ಸಕಾರಗಳೂ ಮೊಳೆ ಎಳೆಯದೆ ತಣ್ಣಗೆ ಹಾದುಹೋದವು.

“ಇದೇನ್ರೀ ಇದು?” ಎಂದಳು ಆಕೆ.

“ಗಂಟಲು ಸರಿಹೋಯ್ತು ಅನ್ಸುತ್ತೆ ಕಣೇ! ಡಾಕ್ಟರು ಸುಮ್ನೆ ಹೇಳಿಲ್ಲ.” ಖುಷಿಯಲ್ಲಿ ಯಜಮಾನರು ಸತ್ತ ಪೆಟ್ಟಿಗೆಯ ವೈರು ಕಿತ್ತು ಪಕ್ಕಕ್ಕೆ ಸರಿಸಿದರು. “ಇನ್ನೊಂದು ಪುಟ ಓದು, ಕೇಳೋಣ.”

ಓದಿದಳು. ಕೇಳಿದರು. ತಗಡು, ಮೊಳೆ, ಸೂಜಿ, ಎಲ್ಲ ವಾಪಸು ಬಂದಿದ್ದವು.

ಆಕೆಗೆ ಅಳು ಬರಬೇಕಿತ್ತು, ಬರಲಿಲ್ಲ. ಸತ್ತ ಪೆಟ್ಟಿಗೆಯನ್ನೇ ನೋಡುತ್ತ ಕೂತಳು. “ರೀ, ಅದನ್ನ ಮತ್ತೆ ಸಿಗಿಸಿ.”

“ಯಾವುದನ್ನ? ಇದಕ್ಕೆ ಜೀವಾನೇ ಇಲ್ವಲ್ಲೇ.”

“ಸಿಗಿಸಿ ಅಂದೆ.”

ಸಿಗಿಸಿದರು, ದನಿ ಬಂತು. ತೆಗೆದರು, ಹೋಯಿತು. ಮತ್ತೆ ಸಿಗಿಸಿದರು, ಬಂತು. ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿ ನೋಡಿದಾಗ ಅರವತ್ತು ದಾಟಿದ ಗಂಡಹೆಂಡಿರು ವೈರಿನ ತುದಿ ಹಿಡಿದುಕೊಂಡು ಕೇಕೆ ಹಾಕುತ್ತಿದ್ದರು. ಏನೋ ಎಡವಟ್ಟಾಗಿದೆ ಎಂದುಕೊಂಡು ಅವರು ಮೆಲ್ಲಗೆ ಬಾಗಿಲು ಮುಚ್ಚಿದರು.

ಯಾಕೆ ಹೀಗೆ ಎಂದು ಯಜಮಾನರು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದರು. ಊಟಕ್ಕೆ ಕೂತಾಗ ಹೊಳೆಯಿತು. “ನಮ್ಮ ಟೆಲಿಫೋನ್ ಲೈನಿನಲ್ಲೂ ಹೀಗೇ ಇತ್ತು,” ಎಂದರು ಮಗನಿಗೂ ಸೊಸೆಗೂ. “ವೈರಿನ ಆ ತುದೀಲಿ ಒಂದು ಭಾರ ಇರಬೇಕು. ಭಾರ ಅಂದ್ರೆ ತೂಕ ಅಲ್ಲ, ಕರೆಂಟನ್ನ ಸ್ವಲ್ಪ ಎಳ್ಕೊಳ್ಳೋ ಅಂಥದ್ದು ಏನಾದ್ರೂ. ಆ ಹಳೇ ಮೈಕನ್ನ ಹಳೇ ಪೆಟ್ಟಿಗೆಗೆ ಅಂತಾನೇ ಮಾಡಿರಬೇಕು, ಅದು ಚೆನ್ನಾಗಿ ಎಳ್ಕೊಳ್ತಿತ್ತು. ಹೊಸದು ದೊಡ್ಡ ಮನುಷ್ಯ, ಏನನ್ನೂ ಎಳ್ಕೊಳ್ಳಲ್ಲ, ಸುಮ್ನೆ ಕೇಳಿಸ್ಕೊಳುತ್ತೆ. ಮೈಕಿಗೆ ಹಿಡಿತ ಇಲ್ಲದೆ ಕುಣಿಯುತ್ತೆ.”

“ಖಾಲಿ ಬಸ್ಸಿನ ಹಾಗಾ ಅಪ್ಪ?” ಎಂದ ಮಗ. “ಡಿಪೋದಿಂದ ಖಾಲಿ ಬಿಟ್ಟರೆ ಕಿಟಕಿ ಸೀಟು ಎಲ್ಲ ಗಡಗಡ ಅಂತಿರುತ್ತೆ. ಜನ ತುಂಬಿದ ಮೇಲೆ ಸದ್ದೇ ಇಲ್ಲ.”

“ಹಾಂ! ಅದೇ!” ಯಜಮಾನರು ತಟ್ಟೆಯ ಅಂಚಿಗೆ ಬಡಿದರು. “ಸತ್ತ ಪೆಟ್ಟಿಗೆ ಪ್ರಯಾಣಿಕರ ಹಾಗೆ ಸುಮ್ನೆ ಕೂತಿತ್ತು ಅಷ್ಟೇ. ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ, ಒಂದು ರೆಸಿಸ್ಟರ್ ಕೂರಿಸಿದ್ರೆ ಸಾಕು. ನಮ್ಮ ಲೈನಿಗೆ ಆರುನೂರು ಓಮ್ ಹಾಕ್ತಿದ್ವಿ. ಅದರ ಹತ್ತಿರದ್ದು ಯಾವುದಾದ್ರೂ ನಡೆಯುತ್ತೆ.”

ರೆಸಿಸ್ಟರ್ ಎಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡದು, ಎರಡು ಕಡೆ ತಂತಿಯ ಮೀಸೆ, ಮೈಮೇಲೆ ಬಣ್ಣದ ಪಟ್ಟಿ. ಅವರ ಡಬ್ಬಿಯಲ್ಲಿ ಅಂಥವು ರಾಶಿ ಇದ್ದವು. ಮರುದಿನ ಡಬ್ಬಿಯ ಸಮೇತ ಗ್ರಂಥಾಲಯಕ್ಕೆ ಹೋಗಿ, ಒಂದನ್ನು ಆರಿಸಿ, ಮೈಕಿನ ವೈರಿನ ಪ್ಲಗ್ಗು ಬಿಚ್ಚಿ, ಅದರ ಮೂರು ಪಿನ್ನುಗಳಲ್ಲಿ ದನಿ ಹೊರುವ ಎರಡರ ನಡುವೆ ಇಟ್ಟು ಬೆಸುಗೆ ಹಾಕಿದರು. ಹಚ್ಚಿ ನೋಡಿದರೆ ಆಕೆಯ ದನಿ ಹಾಸಿಗೆಯ ಕೆಳಗಿನಿಂದ ಬಂದ ಹಾಗೆ ಗುಂಯ್ ಎಂದಿತು, ಸದ್ದೂ ಪಾತಾಳಕ್ಕಿಳಿದಿತ್ತು. ಪುಸ್ತಕದಮ್ಮನ ಮುಖ ಇಳಿಯಿತು. ಇಸ್ತ್ರಿ ಪೆಟ್ಟಿಗೆ ನೆನಪಾಯಿತು.

ಆವತ್ತು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ ಸೊಸೆ ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಮಾವ, ಇದರ ಪಟ್ಟಿ ಯಾವ ಬಣ್ಣ ಇರಬೇಕಿತ್ತು?”

“ಹಸಿರು, ನೀಲಿ, ಕಂದು. ಐನೂರ ಅರವತ್ತು.”

“ಕೊನೇದು ಕಂದು ಅಲ್ಲ ಮಾವ, ಕಪ್ಪು.”

“ಹಂಗಾದ್ರೆ ಬರೀ ಐವತ್ತಾರು!” ಯಜಮಾನರು ಹಣೆ ಚಚ್ಚಿಕೊಂಡರು. “ಬಸ್ಸಿಗೆ ಜನ ತುಂಬೋ ಬದಲು ಬಸ್ಸನ್ನೇ ಹೂತುಬಿಟ್ಟಿದೀನಿ. ನನ್ನ ಕನ್ನಡಕ ಎಲ್ಲೇ?”

ಕನ್ನಡಕ ಅವರ ತಲೆಯ ಮೇಲಿತ್ತು. ಸರಿಯಾದ ಕಾಳನ್ನು ಸೊಸೆಯೇ ಡಬ್ಬಿಯಿಂದ ಆರಿಸಿ ಕೊಟ್ಟಳು. ಅವಳೇ ಪ್ಲಗ್ಗು ಹಿಡಿದುಕೊಂಡಳು, ಮಾವ ಬೆಸುಗೆ ಹಾಕಿದರು. ಈ ಸಲ ಆಕೆ ಓದಿದ್ದನ್ನು ಕೇಳಿಸಿದಾಗ ಸೊಸೆ ಬಾಗಿ ಅತ್ತೆಯ ಕೆನ್ನೆಗೆ ಕೆನ್ನೆ ಒತ್ತಿದಳು. “ನಿಮ್ಮ ದನಿ ಅತ್ತೆ! ನಾನು ಮದುವೆಯಾಗಿ ಬಂದಾಗ ಕೇಳಿದ್ದು ಇದೇ ದನಿ.”

ಅಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಸಲೀಸಾಗಿತ್ತು! ಆದರೆ ಯಜಮಾನರ ಬಾಯಿ ಸುಮ್ಮನಿರಬೇಕಲ್ಲ. “ಬಾಮ್ಮ, ನೀನೂ ಒಂದು ಪುಟ ಓದು, ನಿಂದು ಹೇಗೆ ಬರುತ್ತೋ ನೋಡೋಣ,” ಎಂದರು.

ಸೊಸೆ ಓದಿದಳು. ಕೇಳಿಸಿದರು. ಮೊದಲೇ ಮೆತ್ತನೆಯ ದನಿ, ಈಗ ಅಂಚುಗಳೆಲ್ಲ ಸವೆದು, ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ಓದಿದ ಹಾಗಿತ್ತು. ಹೊಸ ಪೆಟ್ಟಿಗೆ ಅವಳಿಗೆ ಕೊಟ್ಟಿದ್ದ ತಿಳಿತನವನ್ನು ಆ ಅಕ್ಕಿಕಾಳು ನುಂಗಿಬಿಟ್ಟಿತ್ತು. ಮೂವರಿಗೂ ಅದು ಗೊತ್ತಾಯಿತು. ಕೊನೆಗೆ ಸೊಸೆಯೇ, “ಪರವಾಗಿಲ್ಲ ಮಾವ, ಹಾಗೇ ಇರ್ಲಿ. ಅತ್ತೇದು ಸರಿಹೋಯ್ತಲ್ಲ, ಅದೇ ಮುಖ್ಯ,” ಎಂದು ಚೀಲ ಎತ್ತಿಕೊಂಡು ಅಂಗಡಿಗೆ ಹೊರಟಳು. ಹೋಗುವಾಗ ಅವಳ ಬೆನ್ನು ನೋಡಿ ಪುಸ್ತಕದಮ್ಮನಿಗೆ ಇನ್ನೊಂದು ವಿಷಯ ತಿಳಿಯಿತು. ಹುಡುಗಿಗೆ ಓದುವ ಆಸೆ ಇತ್ತು. ಬೇಡ ಬೇಡ ಎನ್ನುತ್ತಲೇ ಒಳಗೆ ಆಸೆ ಬೆಳೆಸಿಕೊಂಡಿದ್ದಳು. ದಿನವಿಡೀ ಊರವರ ಕಾಗದಗಳನ್ನು ಯಂತ್ರಕ್ಕೆ ಉಣ್ಣಿಸುವವಳಿಗೆ ಅವತ್ತು ಓದಿದ ಎರಡು ಪುಟ ಏನಾಗಿ ಕಂಡಿರಬೇಡ!

ಮರುದಿನ ಪರೀಕ್ಷೆ. ಒಂದೇ ಕೋಣೆ, ಒಂದೇ ಮೈಕು, ಒಂದೇ ವೈರು. ಪುಸ್ತಕದಮ್ಮ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಯಾವ ಲೆಕ್ಕದಲ್ಲೂ ಮೋಸವಲ್ಲ ಎಂದು ಆಕೆ ಸಂಜೆ ಬಟ್ಟೆ ಮಡಿಸುತ್ತ ತನಗೆ ತಾನೇ ವಾದ ಮಾಡಿಕೊಂಡಳು. ಹಳೆಯ ಪೆಟ್ಟಿಗೆ ಇದ್ದಾಗ ದನಿ ಹೀಗೇ ಬರುತ್ತಿತ್ತಲ್ಲ? ಇದ್ದದ್ದನ್ನು ಇದ್ದ ಹಾಗೆ ಮಾಡಿದ್ದಷ್ಟೇ ತಾನೇ? ಅವಳೇ ಪರವಾಗಿಲ್ಲ ಎಂದಳಲ್ಲ? ವಾದ ಬಲವಾಗಿಯೇ ಇತ್ತು. ಆದರೆ ಹೊಸ ಪೆಟ್ಟಿಗೆಯ ಮುಂದೆ ತನ್ನ ದನಿ ಹಾಳಾಗಿ ಕೂತಿದ್ದಾಗ, ಅದು ದನಿಯ ತಪ್ಪಲ್ಲ ಎಂದು ಹೇಳುವವರಿಗಾಗಿ ತಾನು ಎಷ್ಟು ಹಂಬಲಿಸಿದ್ದೆ ಎಂದು ನೆನಪಾಯಿತು. ಈಗ ಆ ಜಾಗದಲ್ಲಿ ಸೊಸೆಯ ದನಿ ಕೂತಿದೆ, ಹೇಳಬೇಕಾದವಳು ತಾನು. ಮಡಿಸಿದ ಅಂಗಿಯನ್ನು ಆಕೆ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ಅದನ್ನು ಅಲ್ಲೇ ಬಿಸಾಕಿ ನಡುಮನೆಗೆ ಬಂದಳು.

“ರೀ, ಆ ಕಾಳಿಗೆ ಒಂದು ಸ್ವಿಚ್ಚು ಹಾಕಕ್ಕಾಗುತ್ತಾ? ಬೇಕಾದಾಗ ಇರಬೇಕು, ಬೇಡ ಅಂದಾಗ ಹೋಗಬೇಕು.”

ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಆಗುತ್ತೆ. ಯಾಕೆ?”

“ನನ್ನ ಕನ್ನಡಕ ಅವಳಿಗೆ ಹಾಕಿದ್ರೆ ಅವಳು ಎಡವಿ ಬೀಳ್ತಾಳೆ. ಅದಕ್ಕೆ.”

ಅಡುಗೆಮನೆಯಲ್ಲಿದ್ದ ಸೊಸೆ ಹೊರಗೆ ಬಂದು ನಿಂತಳು. “ಅತ್ತೆ, ನಾನು ಹೇಳಿದ್ನಲ್ಲ...”

“ನೀನು ಬಾಯಿ ಮುಚ್ಕೊಂಡು ಹೋಗಿ ಪಟ್ಟಿ ಬಣ್ಣ ನೋಡಿಕೊಡು ನಿಮ್ಮ ಮಾವಂಗೆ. ಅವರನ್ನ ಒಬ್ಬರನ್ನೇ ಬಿಟ್ಟರೆ ನಾಳೆ ಇಬ್ಬರ ಬಾಯೂ ಬಂದ್.”

ಹೀಗೆ ಹಳೆಯ ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿಯೊಳಗೆ ಅಂಥದೇ ಇನ್ನೊಂದು ಕಾಳು ಕೂತಿತು, ಮೇಲೆ ಒಂದು ಪುಟ್ಟ ಸ್ವಿಚ್ಚು ಬಂತು. ಅತ್ತೆ ಕೂತರೆ ಸ್ವಿಚ್ಚು ಕೆಳಗೆ, ಸೊಸೆ ಕೂತರೆ ಮೇಲೆ. ಬೆಳಿಗ್ಗೆ ಯಜಮಾನರು ಪ್ಲಗ್ಗಿನೊಳಗಿನ ಕಾಳನ್ನು ಕಿತ್ತು, ಈ ಡಬ್ಬಿಯನ್ನು ಮೈಕಿನ ವೈರಿಗೆ ಸೇರಿಸಿದರು. ಪುಸ್ತಕದಮ್ಮ ಅದನ್ನು ಕಾರ್ಯದರ್ಶಿಗೆ ತೋರಿಸಿ ಎಲ್ಲ ಹೇಳಿದಳು. ಅವರು ಧೂಳು ಒರೆಸುತ್ತ ಕೇಳಿ, “ನಂಗೆ ಅರ್ಥ ಆಗಿದ್ದು ಅರ್ಧ,” ಎಂದರು. “ಆದ್ರೆ ಕೇಳೋರಿಗೆ ಅರ್ಥ ಆಗುತ್ತೆ ಬಿಡಿ. ಅಲ್ಲಿಂದ ಶುರುಮಾಡಿ, ಕಥೆ ನಿಂತಿದೆಯಲ್ಲ, ಅಲ್ಲಿಂದ. ಮೊದಲು ಸೊಸೆ, ಆಮೇಲೆ ನೀವು.”

ಹಜಾರದಲ್ಲಿ ಮೇಜಿನ ಸುತ್ತ ಜನ ತುಂಬಿದ್ದರು. ಕುರ್ಚಿ ತಾತ ತುದಿಯಲ್ಲಿ ಕೂತಿದ್ದರು. ಬೆತ್ತ ಎಳೆದು ಎಳೆದು ಗಂಟುಗಟ್ಟಿದ ಬೆರಳುಗಳು ಮೇಜಿನ ಮೇಲೆ ಅಗಲಿಸಿಕೊಂಡಿದ್ದವು. ಸೊಸೆ ಸ್ವಿಚ್ಚು ಮೇಲೆ ಮಾಡಿ ಓದಿದಳು. ಮೊದಲು ತಡವರಿಸಿದಳು, ಆಮೇಲೆ ನೆಲೆ ಕಂಡುಕೊಂಡಳು. ನದಿಯಲ್ಲಿ ನೀರು ಏರಿತು, ದೊಡ್ಡ ಅಕ್ಕ ದೋಣಿ ಕಟ್ಟಿ ಬಂದಳು, ದೀಪ ಹಚ್ಚಿದಳು. ಕೆಲವು ಕೈಗಳು ಮೇಜಿನಿಂದ ಜಾರಿದವು, ಬಹುಪಾಲು ಉಳಿದವು. ತಾತನ ಕೈ ಕೊನೆಯ ಪುಟದವರೆಗೂ ಇದ್ದು, ಕೊನೆಯಲ್ಲಿ ಮೆಲ್ಲಗೆ ತೊಡೆಗೆ ಇಳಿಯಿತು. ಮೊದಲ ಓದಿಗೆ ಅದು ಸಣ್ಣ ಗೆಲುವಲ್ಲ. ಕಾರ್ಯದರ್ಶಿ ಪಕ್ಕಕ್ಕೆ ಬಾಗಿ, “ಇವರಿಗೂ ಒಂದು ಪುಸ್ತಕ ಹುಡುಕ್ಬೇಕು,” ಎಂದು ಯಜಮಾನರ ಕಿವಿಯಲ್ಲಿ ಹೇಳಿದರು. ಯಜಮಾನರು ಎದೆ ಉಬ್ಬಿಸಿದರು.

ಕೈಗಳೆಲ್ಲ ಮತ್ತೆ ಮೇಜಿನ ಮೇಲೆ ಬಂದವು. ಪುಸ್ತಕದಮ್ಮ ಮೈಕಿನ ಮುಂದೆ ಕೂತಳು. ಸೊಸೆ ಹೊರಗೆ ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಉಳಿದು, ತಾನೇ ಸ್ವಿಚ್ಚನ್ನು ಕೆಳಗೆ ಒತ್ತಿದಳು.

ಮೊದಲ ಸಾಲಿನಲ್ಲಿ ಪುಸ್ತಕದಮ್ಮ ತನ್ನ ದನಿಯನ್ನೇ ಕಾಯುತ್ತಿದ್ದಳು, ಎಲ್ಲಿ ಚುಚ್ಚುತ್ತದೋ ಎಂದು. ಎರಡನೆಯ ಸಾಲಿನಲ್ಲೂ ಕಾಯ್ದಳು. ಮೂರನೆಯ ಸಾಲಿನಲ್ಲಿ ಮಳೆ ಜೋರಾಯಿತು, ಅಕ್ಕತಂಗಿಯರು ಊಟಕ್ಕೆ ಕೂತರು, ನಾಲ್ಕನೆಯ ತಟ್ಟೆಯನ್ನು ಯಾರೋ ಮರೆತು ಇಟ್ಟಿದ್ದರು. ಅಲ್ಲಿಂದ ಆಚೆಗೆ ಆಕೆಗೆ ದನಿಯ ನೆನಪಿರಲಿಲ್ಲ. ಆ ತಟ್ಟೆಯನ್ನು ತೆಗೆಯಬೇಕೋ ಬೇಡವೋ ಎಂದು ಮೂವರೂ ಜಗಳವಾಡಿದರು, ಜಗಳದ ನಡುವೆ ಬಾಗಿಲು ಬಡಿದ ಸದ್ದಾಯಿತು, ಸಣ್ಣ ತಂಗಿ ಎದ್ದು ಹೋಗಿ ಅಗುಳಿಗೆ ಕೈ ಹಾಕಿದಳು. ಅಲ್ಲಿಗೆ ಕಾರ್ಯದರ್ಶಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಆಕೆ ನಿಲ್ಲಿಸಿದಳು.

ಗಾಜಿನಾಚೆ ನೋಡಲು ಆಕೆಗೆ ಧೈರ್ಯ ಬರಲಿಲ್ಲ. ಪುಸ್ತಕದ ಅಂಚನ್ನೇ ನೋಡುತ್ತ ಕೂತಳು.

“ಅತ್ತೆ,” ಎಂದಳು ಸೊಸೆ ಪಿಸುದನಿಯಲ್ಲಿ, “ಕೈಗಳು.”

ತಲೆ ಎತ್ತಿದಳು. ಮೇಜಿನ ಮೇಲೆ ಕೈಗಳು ಹಾಗೇ ಇದ್ದವು. ಒಂದೆರಡು ಖಾಲಿ ಜಾಗಗಳೂ ಇದ್ದವು, ಇಲ್ಲವೆಂದಲ್ಲ. ಆದರೆ ತಾತನ ಕೈ ಇಟ್ಟಲ್ಲೇ ಇತ್ತು. ಇಟ್ಟಲ್ಲಿ ಮಾತ್ರವಲ್ಲ, ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ಕಾರ್ಯದರ್ಶಿ ಕೋಣೆಯ ಬಾಗಿಲು ತೆರೆದಿಟ್ಟು, “ಸರಿ, ಎಲ್ಲರೂ ಕೈ ತೆಗೀಬಹುದು,” ಎಂದರು. ಆಮೇಲೆ ತಾತನ ಕಡೆ ತಿರುಗಿ, “ತಾತ, ದನಿ ಹೇಗಿತ್ತು ಈ ಸಲ? ಚುಚ್ಚಿತಾ?” ಎಂದು ಕೇಳಿದರು.

“ಯಾವ ದನಿ?” ತಾತ ಸಿಡುಕಿದರು. “ಬಾಗಿಲು ಬಡಿದೋರು ಯಾರು? ತಮ್ಮನಾ? ಅದು ಹೇಳಿ ಮೊದಲು!”

ಮೇಜಿನ ಸುತ್ತ ಗದ್ದಲವೆದ್ದಿತು. ತಮ್ಮನೇ ಎಂದರು ಒಬ್ಬರು. ಇರಲಾರದು, ಅವನು ಸತ್ತಿದ್ದಾನೆ ಎಂದರು ಇನ್ನೊಬ್ಬರು. ಅವನು ಸತ್ತಿದ್ದರೆ ಆ ತಟ್ಟೆ ಯಾಕೆ ಬರುತ್ತಿತ್ತು ಎಂದು ಮತ್ತೊಬ್ಬರು ಕೇಳಿದರು. ಪರೀಕ್ಷೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಮಂದಿ ಆಕೆಯ ದನಿಯನ್ನು ಹೊಗಳಿದ್ದರು. ಯಾವ ಹೊಗಳಿಕೆಯೂ ಆಕೆಗೆ ಇಷ್ಟು ಸುಖ ಕೊಟ್ಟಿರಲಿಲ್ಲ. ಕಣ್ಣು ತುಂಬಿ ಬಂದು ಅಕ್ಷರಗಳು ಕಲಸಿಹೋದವು.

“ಓದಿ ಅತ್ತೆ,” ಎಂದು ಸೊಸೆ ಆಕೆಯ ತೋಳು ಹಿಡಿದು ಅಲ್ಲಾಡಿಸಿದಳು. “ನಂಗೂ ತಡೆಯಕ್ಕಾಗ್ತಿಲ್ಲ, ಬೇಗ ಓದಿ.”

ಪುಸ್ತಕದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಪೆನ್ಸಿಲಿನ ಗೆರೆಯನ್ನು ದಾಟಿ ಪುಟ ತಿರುಗಿಸಿದಳು. ಹಜಾರದಲ್ಲಿ ತಾತ “ಶ್!” ಎಂದು ಎಲ್ಲರನ್ನೂ ಗದರಿಸಿದರು, ಗದ್ದಲ ಅಡಗಿತು, ಸಣ್ಣ ತಂಗಿ ಅಗುಳಿ ತೆಗೆದಳು.